ವೀಣೆ ಮೇಷ್ಟ್ರಿಗಾಗಿ ತಂದ ಸಿಡಿ ರೆಕಾರ್ಡರ್

ಮೈಸೂರಿನ ನಮ್ಮ ಮನೆಯ ಹಿಂದಿನ ಕೋಣೆ ಹತ್ತಡಿ ಅಗಲ, ಹನ್ನೆರಡಡಿ ಉದ್ದ. ಮೊದಲು ಅಲ್ಲಿ ಅಕ್ಕಿ ಮೂಟೆ ಇಡುತ್ತಿದ್ದೆವು. 2008ರಲ್ಲಿ ಅದನ್ನು ಖಾಲಿ ಮಾಡಿ, ಗೋಡೆಗೆ ಹಳೆಯ ಜಮಖಾನ ಇಳಿಬಿಟ್ಟು, ಎರಡು ಕಂಡೆನ್ಸರ್ ಮೈಕು, ಮೈಕುಗಳ ಸದ್ದು ಸೇರಿಸುವ ಒಂದು ಸಣ್ಣ ಮಿಕ್ಸರು, ಒಂದು ಕಂಪ್ಯೂಟರ್ ಇಟ್ಟುಕೊಂಡೆ. ನನಗೆ ವೀಣೆ ಕಲಿಸಿದ ಮೇಷ್ಟ್ರಿಗೆ ಆಗ ಎಪ್ಪತ್ತೆಂಟು ವರ್ಷ. ಅವರ ಕೈಯಲ್ಲಿದ್ದದ್ದನ್ನು ಹೇಗಾದರೂ ಹಿಡಿದಿಡಬೇಕು ಅನ್ನೋದೊಂದೇ ನನ್ನ ಆಸೆ.

ಮೊದಲ ದಿನ ಮೇಷ್ಟ್ರು ಬಂದು ಕೂತರು. ಶ್ರುತಿ ಸೇರಿಸಿದರು. ಎರಡು ಸಲ ಮೀಟಿ ಕೈ ತೆಗೆದರು.

"ಆ ಪೆಟ್ಟಿಗೆ ಗೊರಕೆ ಹೊಡೀತಾ ಇದೆಯಲ್ಲೋ. ಅದನ್ನ ಆರಿಸು."

"ಅದು ಕಂಪ್ಯೂಟರ್ ಫ್ಯಾನ್ ಸಾರ್. ಆರಿಸಿದರೆ ರೆಕಾರ್ಡ್ ಆಗಲ್ಲ."

"ಹಾಗಾದ್ರೆ ಅದನ್ನೇ ರೆಕಾರ್ಡ್ ಮಾಡ್ಕೋ" ಅಂದವರು ವೀಣೆಯನ್ನು ಗವುಸಿಗೆ ಹಾಕಿಬಿಟ್ಟರು.

ಅವರು ಹೇಳಿದ್ದು ಸರಿಯೇ ಇತ್ತು. ವೀಣೆ ಗಟ್ಟಿ ಸದ್ದಿನ ವಾದ್ಯ ಅಲ್ಲ. ಒಂದು ಮೀಟಿನ ನಾದ ಇಳಿದು ಇಳಿದು ಕೊನೆಗೆ ಉಳಿಯೋದು ಎಳೆಯಷ್ಟು. ಗಮಕದ, ಅಂದರೆ ತಂತಿ ಎಳೆದು ಸ್ವರ ತೂಗುವುದರ, ತುದಿ ಇರೋದು ಆ ಎಳೆಯಲ್ಲೇ. ಹೆಡ್‌ಫೋನ್ ಹಾಕಿ ಕೇಳಿದಾಗ ಆ ಎಳೆ ಫ್ಯಾನಿನ ಸದ್ದಿನಲ್ಲಿ ಮುಳುಗಿಹೋಗಿತ್ತು. ಕಂಪ್ಯೂಟರನ್ನು ನಡುಮನೆಗೆ ಸಾಗಿಸಿ ನೋಡಿದೆ. ನಾನು ಒಬ್ಬನೇ. ಬಟನ್ ಒತ್ತಲು ಅಲ್ಲಿಗೆ ಓಡಬೇಕು, ಮೈಕ್ ಸರಿಸಲು ಇಲ್ಲಿಗೆ ಓಡಬೇಕು. ಮೇಷ್ಟ್ರ ಮನಸ್ಸು ಅಷ್ಟು ಹೊತ್ತು ಕಾಯೋದಿಲ್ಲ. ಆಗಲೇ ಸಿಡಿ ರೆಕಾರ್ಡರ್ ಹುಡುಕಲು ಶುರು ಮಾಡಿದ್ದು. ಕಂಪ್ಯೂಟರ್ ಇಲ್ಲದೆ, ಮಿಕ್ಸರಿನಿಂದ ಬಂದ ಸದ್ದನ್ನು ನೇರವಾಗಿ ಡಿಸ್ಕಿಗೆ ಬರೆಯುವ ಯಂತ್ರ.

ಇಂಥ ಯಂತ್ರಗಳಲ್ಲಿ ಎರಡು ಜಾತಿ. ಕೊಳ್ಳುವ ಮೊದಲು ಗೊತ್ತಿರಬೇಕಾದ್ದು ಇದೇ, ನನಗೆ ಯಾರೂ ಹೇಳಿರಲಿಲ್ಲ. ಒಂದು ಮನೆಬಳಕೆಯದು, ಇನ್ನೊಂದು ಸ್ಟುಡಿಯೋದವರಿಗೆ ಮಾಡಿದ್ದು. ಮನೆಬಳಕೆಯದು ಸಿಕ್ಕಸಿಕ್ಕ ಖಾಲಿ ಡಿಸ್ಕನ್ನು ಒಪ್ಪುವುದಿಲ್ಲ. ಸಂಗೀತಕ್ಕೆಂದೇ ಬೇರೆಯಾಗಿ ಮಾರುವ ಡಿಸ್ಕ್ ಇದೆ, ಅದರ ಮೇಲೆ 'ಡಿಜಿಟಲ್ ಆಡಿಯೋ' ಅಂತ ಬರೆದಿರುತ್ತದೆ. ಆ ಡಿಸ್ಕಿನೊಳಗೇ ಒಂದು ಗುರುತು ಅಚ್ಚಾಗಿರುತ್ತದೆ. ಯಂತ್ರ ಮೊದಲು ಆ ಗುರುತು ನೋಡುತ್ತದೆ, ಇಲ್ಲದಿದ್ದರೆ ಡಿಸ್ಕನ್ನು ಹೊರಗೆ ತಳ್ಳುತ್ತದೆ. ಹಾಡುಗಳ ನಕಲು ತಡೆಯಲು, ಕಂಪನಿಗಳಿಗೆ ಒಂದಿಷ್ಟು ಶುಲ್ಕ ಸೇರಲಿ ಅಂತ ಹೊರದೇಶಗಳಲ್ಲಿ ಮಾಡಿಕೊಂಡ ಏರ್ಪಾಡು ಅದು. ಅದರ ಜೊತೆಗೆ ಎಸ್‌ಸಿಎಂಎಸ್ ಅನ್ನುವ ತಡೆಯೂ ಇದೆ. ಡಿಜಿಟಲ್ ತಂತಿಯಲ್ಲಿ ಒಂದು ಸಲ ನಕಲು ಮಾಡಬಹುದು, ಆ ನಕಲಿನಿಂದ ಇನ್ನೊಂದು ನಕಲು ತೆಗೆಯಲು ಬಿಡುವುದಿಲ್ಲ.

ನಾನು ಮೊದಲು ಕೊಂಡಿದ್ದು ಮನೆಬಳಕೆಯದೇ, ಸೆಕೆಂಡ್ ಹ್ಯಾಂಡ್. ನೋಡಲು ಚೆನ್ನಾಗಿತ್ತು, ಬೆಲೆಯೂ ಕಮ್ಮಿ. ಮನೆಗೆ ತಂದು, ಅಂಗಡಿಯಲ್ಲಿ ಸಿಗುವ ಮಾಮೂಲಿ ಡಿಸ್ಕ್ ಹಾಕಿದರೆ ಉಗುಳಿತು. ಐವತ್ತು ಡಿಸ್ಕಿನ ಒಂದು ಡಬ್ಬ ಆಗಲೇ ತಂದಿಟ್ಟುಕೊಂಡಿದ್ದೆ. ಒಂದೊಂದಾಗಿ ಐದು ಹಾಕಿದೆ, ಐದನ್ನೂ ಉಗುಳಿತು. ಸಂಗೀತದ ಡಿಸ್ಕ್ ಹುಡುಕಿಕೊಂಡು ಊರೆಲ್ಲ ಸುತ್ತಿದೆ, ಸಿಗಲಿಲ್ಲ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹತ್ತು ಸಿಕ್ಕವು, ಮಾಮೂಲಿ ಡಿಸ್ಕಿಗಿಂತ ಎಷ್ಟೋ ಪಟ್ಟು ದುಬಾರಿ. ಅಲ್ಲಿಗೆ ಆ ಯಂತ್ರ ಬೇಡ ಅಂತ ತೀರ್ಮಾನಿಸಿದೆ.

ಆರು ತಿಂಗಳು ಕಾದು ಟಾಸ್ಕಾಮ್ ಕಂಪನಿಯ ಸಿಡಿ-ಆರ್‌ಡಬ್ಲ್ಯೂ 900 ತಂದೆ. ಇದು ಸ್ಟುಡಿಯೋದವರ ಜಾತಿ. ಯಾವ ಖಾಲಿ ಡಿಸ್ಕ್ ಹಾಕಿದರೂ ಬರೆಯುತ್ತದೆ. ಒಳಗೆ ಬರುವ ಡಿಜಿಟಲ್ ಸದ್ದು 48 ಕಿಲೋಹರ್ಟ್ಸ್ (ಸೆಕೆಂಡಿಗೆ 48 ಸಾವಿರ ಸಲ ಅಳೆದದ್ದು) ಆಗಿದ್ದರೆ ತಾನೇ ಸಿಡಿಯ 44.1ಕ್ಕೆ ಬದಲಿಸಿಕೊಳ್ಳುತ್ತದೆ. ಅಲೆಸಿಸ್ ಕಂಪನಿಯ ಮಾಸ್ಟರ್‌ಲಿಂಕ್ ಕೂಡ ಮನಸ್ಸಿನಲ್ಲಿತ್ತು. ಅದರೊಳಗೆ ಹಾರ್ಡ್ ಡಿಸ್ಕ್ ಇದೆ. 24 ಬಿಟ್‌ನಲ್ಲಿ, ಅಂದರೆ ಸಿಡಿಗಿಂತ ಸೂಕ್ಷ್ಮ ಅಳತೆಯಲ್ಲಿ, ಹಿಡಿದು, ಕತ್ತರಿಸಿ ಜೋಡಿಸಿ, ಆಮೇಲೆ ಸಿಡಿ ಬರೆಯಬಹುದು. ದುಡ್ಡು ಇದ್ದವರಿಗೆ ಅದೇ ಒಳ್ಳೆಯದು. ನನ್ನ ಕೈಗೆ ಎಟುಕಲಿಲ್ಲ.

ಹಳೆಯ ಯಂತ್ರ ಕೊಳ್ಳುವವರಿಗೆ ಒಂದು ಮಾತು. ಸಿಡಿ ಹಾಕಿ ಹಾಡು ಕೇಳಿಸಿದರೆ ಯಂತ್ರ ಚೆನ್ನಾಗಿದೆ ಅಂತ ಅರ್ಥವಲ್ಲ. ಓದಲು ಲೇಸರಿಗೆ ಕಮ್ಮಿ ಶಕ್ತಿ ಸಾಕು, ಬರೆಯಲು ಜಾಸ್ತಿ ಬೇಕು. ಮೊದಲು ಸೋಲೋದು ಬರೆಯೋ ಕೆಲಸವೇ. ಅದಕ್ಕೇ ನಾನು ಒಂದು ಖಾಲಿ ಡಿಸ್ಕ್ ತೆಗೆದುಕೊಂಡು ಹೋದೆ. ಮಾರುವವರ ಎದುರೇ ಅರ್ಧ ಗಂಟೆ ರೇಡಿಯೋ ಬರೆಸಿ, ಮುಗಿಸಿ, ಆ ಡಿಸ್ಕನ್ನು ಅವರ ಕಾರಿನ ಪ್ಲೇಯರಿನಲ್ಲಿ ಕೊನೆಯವರೆಗೂ ಕೇಳಿದೆ. ಡಿಸ್ಕಿಗೆ ಒಳಗಿನ ಅಂಚಿನಿಂದ ಹೊರಗಿನ ಅಂಚಿಗೆ ಬರೆಯೋದು ಅಲ್ವಾ, ಹಾಗಾಗಿ ಸಮಯ ಇದ್ದರೆ ಪೂರ್ತಿ 80 ನಿಮಿಷ ಬರೆಸಿ ನೋಡೋದು ಇನ್ನೂ ವಾಸಿ.

ಇನ್ನು ಬಳಕೆಯ ವಿಷಯ. ನಾನು ಜಾಸ್ತಿ ಕಲಿತದ್ದು ಇಲ್ಲೇ.

ಮೊದಲು ಲೆವೆಲ್, ಅಂದರೆ ಸದ್ದನ್ನು ಎಷ್ಟು ಜೋರಾಗಿ ಒಳಗೆ ತೆಗೆದುಕೊಳ್ಳಬೇಕು ಅನ್ನೋದು. ಕ್ಯಾಸೆಟ್ ಕಾಲದಲ್ಲಿ ಮುಳ್ಳು ಸ್ವಲ್ಪ ಕೆಂಪಿಗೆ ಹೋದರೂ ನಡೆಯುತ್ತಿತ್ತು. ಟೇಪು ಅದನ್ನು ಹೇಗೋ ನುಂಗಿಕೊಳ್ಳುತ್ತಿತ್ತು. ಸಿಡಿಯಲ್ಲಿ ಸೊನ್ನೆ ಡಿಬಿ (ಡೆಸಿಬಲ್, ಸದ್ದಿನ ಅಳತೆ) ಅಂದರೆ ತಾರಸಿ. ಅದರ ಮೇಲೆ ಹೋದ ಸದ್ದು ಕತ್ತರಿಸಿಹೋಗುತ್ತದೆ, ಚಟ್ ಅಂತ ಕೇಳಿಸುತ್ತದೆ, ಮತ್ತೆ ಸರಿಮಾಡಲು ಆಗುವುದಿಲ್ಲ. ವೀಣೆಯ ಮೀಟು ಮೊನಚಾಗಿ ಎದ್ದು ತಕ್ಷಣ ಇಳಿಯುತ್ತದೆ. ತಾನದಲ್ಲಿ, ಅಂದರೆ ಲಯ ಹಿಡಿದು ಬಿರುಸಾಗಿ ಮೀಟುವ ಭಾಗದಲ್ಲಿ, ಬೆರಳಿನ ಪೆಟ್ಟು ನಿಧಾನವಾಗಿ ರಾಗ ಬಿಡಿಸುವ ಆಲಾಪನೆಗಿಂತ ಎರಡು ಪಟ್ಟು ಬಲ. ಅದಕ್ಕೆ ಮೇಷ್ಟ್ರನ್ನು ಮೊದಲು ತಾನ ನುಡಿಸಲು ಕೇಳುತ್ತಿದ್ದೆ. ಅದರ ಅತಿ ಜೋರಿನ ಪೆಟ್ಟು ಸೊನ್ನೆಗಿಂತ 8 ಡಿಬಿ ಕೆಳಗೆ ನಿಲ್ಲುವಂತೆ ಇಟ್ಟು, ಆಮೇಲೆ ಆ ಗುಂಡಿಯನ್ನು ಮುಟ್ಟುತ್ತಿರಲಿಲ್ಲ. ಅಷ್ಟು ಕೆಳಗಿಟ್ಟರೆ ಸದ್ದು ಹಾಳಾಗಲ್ವಾ ಅಂತ ಕೇಳುತ್ತಾರೆ. ಆಗಲ್ಲ. ಸಿಡಿಯ 16 ಬಿಟ್‌ಗೆ ಅತಿ ಸಣ್ಣ ಸದ್ದಿನಿಂದ ಅತಿ ಜೋರಿನವರೆಗೆ ಸುಮಾರು 96 ಡಿಬಿ ಜಾಗ ಇದೆ. ಎಂಟು ಕಳೆದರೂ 88 ಉಳಿಯಿತು. ನನ್ನ ಕೋಣೆಯ ಗದ್ದಲವೇ ಆ ಜಾಗದ ತಳಕ್ಕಿಂತ ಎಷ್ಟೋ ಮೇಲಿದೆ.

ಮೈಕಿಗೆ ಜಾಗ ಹುಡುಕಲು ಮೂರು ವಾರ ಹಿಡಿಯಿತು. ವೀಣೆಯ ಕೊಡದ ಮೇಲೆ ತಂತಿಗಳನ್ನು ಹೊರುವ ಕುದುರೆಗೆ ನೇರ ಇಟ್ಟರೆ ಉಗುರಿನ ಸದ್ದೇ ಜಾಸ್ತಿ. ಬೆರಳು ಒತ್ತುವ ವೀಣೆಯ ಮೆಟ್ಟಿಲುಗಳ ಕಡೆ ಇಟ್ಟರೆ ಬೆರಳು ಜಾರುವ ಕಿರ್ ಕಿರ್. ಕೊನೆಗೆ ಕುದುರೆಯಿಂದ ಎರಡಡಿ ದೂರ, ಒಂದಡಿ ಮೇಲೆ, ಸ್ವಲ್ಪ ಮೆಟ್ಟಿಲುಗಳ ಕಡೆ ಓರೆಯಾಗಿ ಇಟ್ಟೆ. ಮೇಷ್ಟ್ರು ಹೆಡ್‌ಫೋನ್ ಹಾಕಿಕೊಂಡು ಕೇಳಿ, "ಈಗ ನನ್ನ ವೀಣೆ" ಅಂದರು. ನೆಲಕ್ಕೆ ಬಳಪದಲ್ಲಿ ಗುರುತು ಹಾಕಿದೆ. ಆ ಗುರುತು ಇವತ್ತಿಗೂ ಇದೆ.

ಹಮ್ ಬರುತ್ತಿತ್ತು, ಸಣ್ಣಗೆ, 50 ಹರ್ಟ್ಸ್‌ನ ಗುಂಯ್. ಮಿಕ್ಸರು ಒಂದು ಗೋಡೆಯ ಪ್ಲಗ್ಗಿನಲ್ಲಿ, ರೆಕಾರ್ಡರ್ ಇನ್ನೊಂದು ಗೋಡೆಯ ಪ್ಲಗ್ಗಿನಲ್ಲಿ ಇದ್ದವು. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದೆ. ಹೋಯಿತು. ಯಾರಾದರೂ ಅರ್ತ್ ಪಿನ್ ಕಿತ್ತು ಹಾಕು ಅಂದರೆ ಕೇಳಬೇಡಿ, ಅದು ಜೀವಕ್ಕೆ ಅಪಾಯ.

ಟ್ರ್ಯಾಕ್ ಒಡೆಯುವುದರಲ್ಲಿ ನನಗೆ ದೊಡ್ಡ ಪಾಠವಾಯಿತು. ಯಂತ್ರದಲ್ಲಿ 'ಆಟೋ ಟ್ರ್ಯಾಕ್' ಅಂತ ಇದೆ. ಸದ್ದು ಒಂದು ಮಟ್ಟಕ್ಕಿಂತ ಕೆಳಗಿಳಿದು ಮತ್ತೆ ಎದ್ದರೆ, ಹೊಸ ಹಾಡು ಶುರುವಾಯಿತು ಅಂದುಕೊಂಡು ಹೊಸ ನಂಬರ್ ಹಾಕುತ್ತದೆ. ಸಿನಿಮಾ ಹಾಡಿನ ಕ್ಯಾಸೆಟ್ ನಕಲು ಮಾಡುವವರಿಗೆ ಅದು ತುಂಬಾ ಅನುಕೂಲ. ಮೇಷ್ಟ್ರು ಆ ದಿನ ತೋಡಿ ರಾಗ ನುಡಿಸಿದರು. ಕೆಳಗಿನ ಸ್ಥಾಯಿಯಲ್ಲಿ ಒಂದು ಗಾಂಧಾರ ಹಿಡಿದು, ಅದು ಪೂರ್ತಿ ಆರುವವರೆಗೆ ಸುಮ್ಮನೆ ಕೂತು, ಆಮೇಲೆ ಮುಂದಿನ ಮೀಟು. ಆಲಾಪನೆ ಅಂದರೆ ಅದೇ ಅಲ್ವಾ. ಯಂತ್ರಕ್ಕೆ ಆ ಮೌನ ಹಾಡಿನ ಕೊನೆಯಾಗಿ ಕಂಡಿತು. ಇಪ್ಪತ್ತೆರಡು ನಿಮಿಷದ ತೋಡಿ ಹದಿನೇಳು ತುಂಡಾಗಿತ್ತು. ನೇರ ಕೇಳಿದರೆ ಏನೂ ಗೊತ್ತಾಗುವುದಿಲ್ಲ, ಆದರೆ ತಾನದ ಮೇಲೆ ಬರುವ ಪಲ್ಲವಿ ಹುಡುಕಬೇಕು ಅಂದರೆ ಹದಿನೇಳು ಸಲ ಬಟನ್ ಒತ್ತಬೇಕು. ಅಂದಿನಿಂದ ಆಟೋ ಆರಿಸಿದೆ. ರಿಮೋಟ್ ಕೈಯಲ್ಲಿ ಹಿಡಿದು ನಾನೇ ಕೂರುತ್ತಿದ್ದೆ. ಆಲಾಪನೆ ಮುಗಿದು ತಾನ ಶುರುವಾಗುವ ಮೊದಲ ಮೀಟಿಗೆ ಒಂದು ಒತ್ತು, ಪಲ್ಲವಿಗೆ ಒಂದು ಒತ್ತು. ಸದ್ದು ಕಡಿಯುವುದಿಲ್ಲ, ನಂಬರ್ ಮಾತ್ರ ಬದಲಾಗುತ್ತದೆ.

ಇದಕ್ಕೆ ರಾಗದ ನಡೆ ಗೊತ್ತಿರಬೇಕು, ಕಿವಿ ಪೂರ್ತಿ ಅಲ್ಲೇ ಇರಬೇಕು. ಈ ಯಂತ್ರವನ್ನು ನಾನು ಇಷ್ಟಪಡುವುದೂ ಅದಕ್ಕೇ. ಆಮೇಲೆ ಸರಿಮಾಡೋಣ ಅನ್ನುವ ದಾರಿ ಇಲ್ಲಿಲ್ಲ. ಲೆವೆಲ್, ಮೈಕು, ಟ್ರ್ಯಾಕು ಎಲ್ಲ ಮೀಟುವ ಮೊದಲು ಅಥವಾ ಮೀಟುವ ಹೊತ್ತಿನಲ್ಲೇ ತೀರ್ಮಾನ ಆಗಬೇಕು. ಎಂಬತ್ತು ನಿಮಿಷ ಮೇಷ್ಟ್ರ ಎದುರು ನಾನು ಬೇರೇನೂ ಮಾಡದೆ ಕೇಳುತ್ತಾ ಕೂತೆ. ಪಾಠದ ದಿನಗಳಲ್ಲೂ ಅಷ್ಟು ಗಮನ ಕೊಟ್ಟು ಕೇಳಿರಲಿಲ್ಲ.

ಡಿಸ್ಕಿನಲ್ಲೂ ಎರಡು ಬಗೆ ಇಟ್ಟುಕೊಳ್ಳಿ. ಲೆವೆಲ್ ನೋಡಲು, ಮೈಕ್ ಜಾಗ ಹುಡುಕಲು ಅಳಿಸಿ ಬರೆಯುವ ಸಿಡಿ-ಆರ್‌ಡಬ್ಲ್ಯೂ. ನಿಜವಾದ ರೆಕಾರ್ಡಿಂಗಿಗೆ ಸಿಡಿ-ಆರ್. ಅಳಿಸುವ ಡಿಸ್ಕ್ ಬೆಳಕನ್ನು ಕಮ್ಮಿ ಹಿಂತಿರುಗಿಸುತ್ತದೆ, ಎಷ್ಟೋ ಹಳೆಯ ಪ್ಲೇಯರುಗಳು ಅದನ್ನು ಓದುವುದೇ ಇಲ್ಲ.

ಈಗ ನನ್ನನ್ನು ಇವತ್ತಿಗೂ ನೋಯಿಸುವ ವಿಷಯ. ಈ ಯಂತ್ರ ಸದ್ದನ್ನು ಬರೆದ ಮೇಲೆ, ಎಲ್ಲಿಂದ ಎಲ್ಲಿಯವರೆಗೆ ಯಾವ ಟ್ರ್ಯಾಕು ಅನ್ನುವ ಲೆಕ್ಕವನ್ನು ಡಿಸ್ಕಿನ ಒಳಅಂಚಿನಲ್ಲಿ ಬರೆಯುತ್ತದೆ. ಕೊನೆಗೆ 'ಫೈನಲೈಸ್' ಮಾಡಿದಾಗ ಪೂರ್ತಿ ಪಟ್ಟಿ ಹಾಕಿ ಡಿಸ್ಕ್ ಮುಚ್ಚುತ್ತದೆ. ಆಮೇಲೇ ಬೇರೆ ಪ್ಲೇಯರುಗಳು ಅದನ್ನು ಓದುವುದು. ಒಂದು ಏಪ್ರಿಲ್ ಬೆಳಿಗ್ಗೆ ಮೇಷ್ಟ್ರು ಮುಕ್ಕಾಲು ಗಂಟೆ ಭೈರವಿ ರಾಗ ನುಡಿಸಿದರು. ಸ್ವರಗಳನ್ನು ಆ ಕ್ಷಣಕ್ಕೇ ಹೆಣೆದು ನುಡಿಸುವ ಕಲ್ಪನಾಸ್ವರದ ನಡುವೆ ಕರೆಂಟ್ ಹೋಯಿತು. ಸದ್ದು ಡಿಸ್ಕಿನ ಮೇಲೆ ಸುಟ್ಟು ಕೂತಿದೆ. ಬೆಳಕಿಗೆ ಹಿಡಿದರೆ ಬರೆದ ಭಾಗ ಬೇರೆ ಬಣ್ಣದ ಬಳೆಯ ಹಾಗೆ ಕಾಣುತ್ತದೆ. ಆದರೆ ಲೆಕ್ಕ ಬರೆದಿಲ್ಲ. ಯಂತ್ರಕ್ಕೆ ಅಲ್ಲಿ ಏನಿದೆ ಅಂತ ಗೊತ್ತಿಲ್ಲ. ಆ ಡಿಸ್ಕನ್ನು ಎಸೆಯಲು ಮನಸ್ಸಾಗದೆ ಇಟ್ಟುಕೊಂಡಿದ್ದೇನೆ.

ಮಾರನೇ ದಿನವೇ ಒಂದು ಯುಪಿಎಸ್ ತಂದೆ. ದಯವಿಟ್ಟು ನೀವು ಮೊದಲೇ ತನ್ನಿ. ಇನ್ನೊಂದು, ಒಂದೇ ಉಸಿರಿಗೆ 80 ನಿಮಿಷ ಬರೆಸಬೇಡಿ. ಒಂದು ಕೃತಿ ಮುಗಿದ ಮೇಲೆ ನಿಲ್ಲಿಸಿದರೆ ಅಲ್ಲಿಯವರೆಗಿನ ಲೆಕ್ಕ ಬರೆದಾಗುತ್ತದೆ, ಅಷ್ಟಾದರೂ ಉಳಿಯುತ್ತದೆ. ಮೇಷ್ಟ್ರಿಗೂ ನೀರು ಕುಡಿಯಲು ಬಿಡುವು ಸಿಗುತ್ತದೆ.

ಡಿಸ್ಕ್ ಉಳಿಸಿಕೊಳ್ಳುವುದು ಬೇರೆಯೇ ಕೆಲಸ. ಸಿಡಿಯ ಸದ್ದು ಇರುವ ಪದರ ಮೇಲ್ಭಾಗಕ್ಕೆ, ಅಂದರೆ ನಾವು ಹೆಸರು ಬರೆಯುವ ಕಡೆಗೆ ಹತ್ತಿರ. ಕೆಳಗಿನ ಹೊಳೆಯುವ ಮೈಗಿಂತ ಅಲ್ಲಿ ಗೀರು ಬಿದ್ದರೆ ಅಪಾಯ ಜಾಸ್ತಿ. ಬಾಲ್ ಪೆನ್ನಿನಲ್ಲಿ ಒತ್ತಿ ಬರೆಯಬಾರದು. ಅಂಟಿಸುವ ಲೇಬಲ್ ಬೇಡವೇ ಬೇಡ. ಕಿಟಕಿಯ ಬಿಸಿಲು ಬೀಳುವ ಕಡೆ ಇಡಬೇಡಿ, ಬರೆದದ್ದು ಬಣ್ಣದ ಪದರದ ಮೇಲೆ, ಅದು ಬಿಸಿಲಿಗೆ ಮಾಸುತ್ತದೆ. ಮತ್ತೆ, ಡಿಸ್ಕ್ ಒಂದನ್ನೇ ನಂಬಬೇಡಿ. ಒಂದು ಗಂಟೆಯ ಸಿಡಿ ಸಂಗೀತ ಸುಮಾರು 635 ಎಂಬಿ, ಇವತ್ತಿನ ಲೆಕ್ಕದಲ್ಲಿ ಅದು ಏನೂ ಅಲ್ಲ. ಸಂಜೆ ಮೇಷ್ಟ್ರನ್ನು ಮನೆಗೆ ಬಿಟ್ಟು ಬಂದ ಮೇಲೆ ಡಿಸ್ಕನ್ನು ಕಂಪ್ಯೂಟರಿಗೆ ಇಳಿಸಿ ಎರಡು ಕಡೆ ಇಡುತ್ತಿದ್ದೆ. ಆಗ ಫ್ಯಾನ್ ಎಷ್ಟು ಬೇಕಾದರೂ ಸದ್ದು ಮಾಡಲಿ.

ಐದು ವರ್ಷದಲ್ಲಿ ನಲವತ್ತೊಂದು ಡಿಸ್ಕ್ ಆದವು. ಈಗ ಮೇಷ್ಟ್ರಿಲ್ಲ. ಯಂತ್ರದ ಲೇಸರ್ ಕೂಡ ಸೋತಿದೆ, ಓದುತ್ತದೆ, ಬರೆಯುವುದಿಲ್ಲ. ಕಳೆದ ಜನವರಿಯಲ್ಲಿ ಎಲ್ಲವನ್ನೂ ಮತ್ತೊಮ್ಮೆ ಹಾಕಿ ನೋಡಿದೆ. ಮೂವತ್ತೊಂಬತ್ತು ಸರಿಯಾಗಿ ಓದಿದವು. ತಡೆದ ಎರಡೂ ನಾನು ಶುರುವಿನಲ್ಲಿ ಲೇಬಲ್ ಅಂಟಿಸಿದವು. ಅವುಗಳ ಪ್ರತಿ ಕಂಪ್ಯೂಟರಿನಲ್ಲಿದ್ದದ್ದರಿಂದ ಬಚಾವಾದೆ.

ಆರನೇ ಡಿಸ್ಕಿನ ಮೂರನೇ ಟ್ರ್ಯಾಕಿನಲ್ಲಿ, ಒಂದು ಮೀಟು ಆರುತ್ತಾ ಹೋಗುವಾಗ, ಹಿತ್ತಲ ಮಾವಿನ ಮರದಿಂದ ಕೋಗಿಲೆ ಕೂಗುತ್ತದೆ. ಅವತ್ತು ನಾನು ನಿಲ್ಲಿಸಲು ಕೈ ಎತ್ತಿದ್ದೆ. ಮೇಷ್ಟ್ರು ಕಣ್ಣಲ್ಲೇ ಬೇಡ ಅಂದರು. ಕೋಗಿಲೆ ಮುಗಿಸುವವರೆಗೂ ಕಾದರು. ಆಮೇಲೆ ಪಂಚಮ ಮೀಟಿದರು.