ದಿವಾರ್ ದ್ವೀಪದಲ್ಲಿ ಒಂದು ದಿನ: ಮೊದಲು ಒಡ್ಡು, ಆಮೇಲೆ ಊಟ

ಹಳೇ ಗೋವಾದ ಚರ್ಚುಗಳನ್ನು ನೋಡಲು ಹೋದವರಿಗೆಲ್ಲ ಮಾಂಡೋವಿ ನದಿಯ ಆಚೆ ಒಂದು ಹಸಿರು ಗುಡ್ಡ ಕಾಣುತ್ತದೆ. ಅದೇ ದಿವಾರ್ ದ್ವೀಪ. ಫೆರಿ ಹತ್ತಿದರೆ ಕೆಲವೇ ನಿಮಿಷ. ಆದರೂ ಹೆಚ್ಚಿನವರು ದಂಡೆಯಿಂದಲೇ ತಿರುಗಿ ಹೋಗುತ್ತಾರೆ. ಅಲ್ಲಿ ಬೀಚ್ ಇಲ್ಲ, ಸಾಲು ಹೋಟೆಲುಗಳೂ ಇಲ್ಲ. ನಾನು ಹೋಗಿದ್ದು ಗದ್ದೆ ನೋಡಲು. ಕುಮಟಾ ಕಡೆಯವಳಾದ ನನಗೆ ಅಘನಾಶಿನಿ ದಂಡೆಯ ಗಜನಿ ಗದ್ದೆಗಳು ಚಿಕ್ಕಂದಿನಿಂದ ಗೊತ್ತು. ಉಪ್ಪು ನೀರು ನುಗ್ಗಿದರೂ ತಡೆದುಕೊಳ್ಳುವ ಕಗ್ಗ ಭತ್ತ ಅಲ್ಲಿನದು. ಗೋವಾದಲ್ಲೂ ಇಂಥದ್ದೇ ಗದ್ದೆಗಳಿವೆ, ಅವಕ್ಕೆ ಖಾಜನ್ ಅನ್ನುತ್ತಾರೆ, ಅಲ್ಲಿ ಕೊರ್ಗುಟ್ ಅನ್ನುವ ಭತ್ತ ಬೆಳೆಯುತ್ತಾರೆ ಅಂತ ಕೇಳಿದ ಮೇಲೆ ಸುಮ್ನೆ ಕೂರಲು ಆಗಲಿಲ್ಲ.

ಹಿಂದಿನ ರಾತ್ರಿಯೇ ಪಣಜಿಗೆ ಹೋಗಿ ಉಳಿದೆ. ಬೆಳಿಗ್ಗೆ ಬಾಡಿಗೆ ಸ್ಕೂಟರಿನಲ್ಲಿ ರಾಯಬಂದರಕ್ಕೆ. ಅಲ್ಲಿಂದ ಚೋಡಣ ದ್ವೀಪಕ್ಕೂ ಫೆರಿ ಇದೆ, ಸಲೀಂ ಅಲಿ ಪಕ್ಷಿಧಾಮ ಇರುವುದು ಆ ದ್ವೀಪದಲ್ಲಿ. ಹಾಗಾಗಿ ಯಾವ ಕಡೆಗೆ ಅಂತ ಕೇಳಿಯೇ ಹತ್ತಿ. ಹಳೇ ಗೋವಾದ ವೈಸರಾಯ್ ಕಮಾನಿನ ಹತ್ತಿರವೂ ದಿವಾರ್ ಫೆರಿ ಸಿಗುತ್ತದೆ. ನಾನು ರಾಯಬಂದರದಿಂದ ಹೋಗಿದ್ದು ಗದ್ದೆ ನಡುವಿನ ರಸ್ತೆ ಸಿಗಲಿ ಅಂತ. ಅಕ್ಟೋಬರ್ ತಿಂಗಳು, ಮಳೆ ಹಿಂದೆ ಸರಿದಿತ್ತು, ತೆನೆ ಬಾಗಿತ್ತು.

ಇಳಿದ ತಕ್ಷಣ ಊರಿನೊಳಗೆ ಓಡಬೇಡಿ. ಸ್ಕೂಟರ್ ನಿಲ್ಲಿಸಿ ಒಡ್ಡಿನ ಮೇಲೆ ನಡೆಯಿರಿ. ಒಂದು ಕಡೆ ನದಿ, ಇನ್ನೊಂದು ಕಡೆ ನೀರಿಗಿಂತ ತಗ್ಗಿನಲ್ಲಿರುವ ಗದ್ದೆ. ನಡುವೆ ಮಣ್ಣು, ಜಂಬಿಟ್ಟಿಗೆ ಕಲ್ಲು ಹಾಕಿ ಕಟ್ಟಿದ ಒಡ್ಡು, ಅದರ ಹೊರಮೈಗೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಕಾವಲು. ಒಡ್ಡಿನ ನಡುವೆ ಮರದ ಬಾಗಿಲಿನ ಗಂಡಿ ಇರುತ್ತದೆ, ಅದಕ್ಕೆ ಮಾನಸ್ ಅನ್ನುತ್ತಾರೆ. ಭರತ ಏರಿದಾಗ ಹೊರಗಿನ ನೀರೇ ಬಾಗಿಲನ್ನು ಒತ್ತಿ ಮುಚ್ಚುತ್ತದೆ. ಇಳಿತ ಬಂದಾಗ ಒಳಗಿನ ನೀರು ಅದನ್ನು ತಳ್ಳಿ ಹೊರಗೆ ಹರಿಯುತ್ತದೆ. ಆ ಹೊತ್ತಿಗೆ ಬಾಯಿಗೆ ಬಲೆ ಕಟ್ಟಿದರೆ ಸಿಗಡಿ, ಮೀನು ತಾವಾಗಿಯೇ ಬಂದು ಬೀಳುತ್ತವೆ. ಹೀಗೆ ಒಂದೇ ಜಾಗ ಅನ್ನವನ್ನೂ ಕೊಡುತ್ತದೆ, ಸಾರನ್ನೂ ಕೊಡುತ್ತದೆ. ದಿವಾರಿನ ಊಟ ಅರ್ಥವಾಗಬೇಕಾದರೆ ಈ ಬಾಗಿಲ ಮುಂದೆ ಸ್ವಲ್ಪ ಹೊತ್ತು ನಿಲ್ಲಲೇಬೇಕು.

ಈ ಒಡ್ಡುಗಳನ್ನು ಹಿಂದೆ ನೋಡಿಕೊಳ್ಳುತ್ತಿದ್ದದ್ದು ಗಾಂವಕರಿ, ಅಂದರೆ ಊರ ಒಕ್ಕೂಟ. ಒಬ್ಬರ ಗದ್ದೆಯ ಹತ್ತಿರ ಒಡ್ಡು ಒಡೆದರೆ ಎಲ್ಲರ ಬೆಳೆಯೂ ಹೋಗುತ್ತದೆ, ಹಾಗಾಗಿ ಒಬ್ಬರೇ ಮಾಡುವ ಬೇಸಾಯ ಇದಲ್ಲ. ನಾನು ನಡೆದ ಕಡೆ ಬಿತ್ತದೇ ಬಿಟ್ಟ ತುಂಡುಗಳೂ ಇದ್ದವು, ಅಲ್ಲಿ ಕಾಂಡ್ಲಾ ಒಳಗೇ ಬಂದು ಬೇರೂರಿದೆ. ನಮ್ಮ ಕಡೆಯೂ ಸಿಗಡಿ ಕೆರೆಗಳು ಬಂದ ಮೇಲೆ ಕಗ್ಗದ ಜಾಗ ಕಮ್ಮಿಯಾಯಿತು. ನೋಡಿ ಹೊಟ್ಟೆ ಉರಿಯಿತು.

ಪಿಯೆದಾದ್ ಊರು ತಲುಪುವಾಗ ಪೊದೇರ್, ಅಂದರೆ ಬ್ರೆಡ್ ಮಾರುವವ, ಸೈಕಲ್ಲಿನಲ್ಲಿ ಹಾರ್ನ್ ಒತ್ತುತ್ತಾ ಬಂದ. ಬುಟ್ಟಿಯಲ್ಲಿ ಬಿಸಿ ಪೊಯಿ, ಗೋಧಿ ತೌಡು ಮೆತ್ತಿದ, ಒಳಗೆ ಟೊಳ್ಳಾದ ಬ್ರೆಡ್. ಚಹಾಕ್ಕೆ ಅದ್ದಿ ತಿಂದರೆ ಬೆಳಗಿನ ತಿಂಡಿ ಮುಗಿಯಿತು.

ಮಧ್ಯಾಹ್ನದ ಊಟಕ್ಕೆ ಒಂದು ಮನೆಯವರಿಗೆ ಮೊದಲೇ ಹೇಳಿಸಿಟ್ಟಿದ್ದೆ. ನೀವೂ ಹಾಗೇ ಮಾಡಿ. ಹೋಟೆಲ್ ಹುಡುಕಿಕೊಂಡು ಅಲೆದರೆ ಈ ದ್ವೀಪದ ಊಟ ಸಿಗುವುದು ಕಷ್ಟ. ಕೆಂಪು ಕುಚ್ಚಲಕ್ಕಿ ಅನ್ನ, ಅಮಟೆಕಾಯಿ ಹಾಕಿದ ಸಿಗಡಿ 'ಕೊಡಿ', ಒಣ ಸಿಗಡಿ ಹುರಿದು ಕಾಯಿತುರಿ, ಈರುಳ್ಳಿ ಬೆರೆಸಿದ ಕಿಸ್ಮೂರ್, ರವೆ ಹಚ್ಚಿ ಹುರಿದ ಚಣಕ ಮೀನು, ಕೊನೆಗೆ ಮುರುಗಲಿನ ಸೋಲ್‌ಕಡಿ. ಕೊಡಿ ಅಂದರೆ ಕಾಯಿ ಅರೆದು ಮಾಡುವ ಸಾರು. ಒಣಮೆಣಸು, ಕೊತ್ತಂಬರಿ, ಅರಿಶಿನ, ಅಷ್ಟೇ ಮಸಾಲೆ. ಸಿಗಡಿಯ ಸಿಹಿ ಮುಂದೆ ಬರುತ್ತದೆ, ಅಮಟೆಯ ಹುಳಿ ಹಿಂದೆ. ಅಡುಗೆ ಮಾಡಿದ ಆಂಟಿ ನನ್ನ ಕೊಂಕಣಿ ಕೇಳಿ ಖುಷಿಪಟ್ಟರು. "ನಾಳೆಗೆ ಇನ್ನೂ ರುಚಿ ಆಗ್ತದೆ, ಬೆಳಿಗ್ಗೆ ಗಂಜಿಗೆ ಹಾಕಿಕೊಳ್ಳಬೇಕು" ಅಂದರು. ನಿನ್ನೆಯ ಕೊಡಿಯನ್ನು ಸಣ್ಣ ಉರಿಯಲ್ಲಿ ಗಟ್ಟಿಯಾಗುವವರೆಗೆ ಬತ್ತಿಸಿ ಗಂಜಿ ಜೊತೆ ತಿನ್ನುವುದು ಇಲ್ಲಿನವರ ಅಚ್ಚುಮೆಚ್ಚು. ಆಗಸ್ಟಿನಲ್ಲಿ ಹೋದರೆ ಅರಿಶಿನ ಎಲೆಯಲ್ಲಿ ಬೇಯಿಸಿದ ಪಾತೊಳಿಯೂ ಸಿಕ್ಕೀತು. ಅದೇ ತಿಂಗಳ ನಾಲ್ಕನೇ ಶನಿವಾರ ಬೊಂದೆರಾಂ ಬಾವುಟ ಹಬ್ಬ, ಆಗ ಜನ ಜಾಸ್ತಿ.

ಊಟದ ಮೇಲೆ ಗುಡ್ಡ ಹತ್ತಿದೆ. ಮೇಲಿನ ಚರ್ಚಿನ ಅಂಗಳದಿಂದ ಒಡ್ಡುಗಳ ಗೆರೆ ಪೂರ್ತಿ ಕಾಣುತ್ತದೆ. ಪಕ್ಕದ ಸ್ಮಶಾನದ ಚಿಕ್ಕ ಚಾಪೆಲ್ಲಿನಲ್ಲಿ ಕದಂಬರ ಕಾಲದ ಕೆತ್ತನೆಯ ಕಲ್ಲು ಛಾವಣಿ ಉಳಿದಿದೆ. ನಮ್ಮ ಖಾನಾಪುರ ತಾಲೂಕಿನ ಹಲಸಿಯಿಂದಲೂ ಆಳಿದ ಗೋವಾ ಕದಂಬರ ಮನೆದೇವರು ಸಪ್ತಕೋಟೇಶ್ವರ. ಆತನ ಮೂಲ ಗುಡಿ ಇದ್ದದ್ದು ಇದೇ ದ್ವೀಪದ ನಾರ್ವೆಯಲ್ಲಿ. ಪೋರ್ಚುಗೀಸರು ಅದನ್ನು ಕೆಡವಿದರು. ಭಕ್ತರು ಲಿಂಗವನ್ನು ಹೊಳೆ ದಾಟಿಸಿ ಡಿಚೋಲಿ ಕಡೆಗೆ ಒಯ್ದರು. 1668ರಲ್ಲಿ ಶಿವಾಜಿ ಅಲ್ಲಿ ಗುಡಿ ಕಟ್ಟಿಸಿದ.

ನಾನು ಮಾಲಾರ್ ಊರಿನ ಮೂಲಕ ದ್ವೀಪದ ನಾರ್ವೆ ತುದಿಗೆ ಹೋಗಿ, ಅಲ್ಲಿನ ಫೆರಿ ಹಿಡಿದು ಆಚೆ ದಂಡೆಯ ಆ ಗುಡಿಯನ್ನೂ ನೋಡಿದೆ. ಬಂದ ದಾರಿಯಲ್ಲೇ ವಾಪಸ್ ಹೋಗುವುದಕ್ಕಿಂತ ಇದು ಒಳ್ಳೆಯದು, ಡಿಚೋಲಿ ಮೇಲಿಂದ ಪಣಜಿಗೆ ರಸ್ತೆ ಇದೆ. ಸಂಜೆಯ ಕೊನೆಯ ಫೆರಿ ಯಾವಾಗ ಅಂತ ಮಾತ್ರ ಬೆಳಿಗ್ಗೆಯೇ ಫೆರಿಯವರನ್ನು ಕೇಳಿಟ್ಟುಕೊಳ್ಳಿ. ಇಳಿತದ ಹೊತ್ತನ್ನೂ ಕೇಳಿ, ಬಲೆ ಎತ್ತುವುದು ಆಗಲೇ.