ಬ್ಯಾಟರಿ ನೀರು ಕುಡಿಯುವ ನನ್ನ ಪಿಕಪ್

ಹೋದ ಮೇ ತಿಂಗಳಲ್ಲಿ ಮಂಗಳೂರಿನಿಂದ ಒಂದೂಕಾಲು ಟನ್ ಮೀನು ತುಂಬಿಕೊಂಡು ಶಿರಾಡಿ ಹತ್ತಿದೆ. ಗುಂಡ್ಯದಿಂದ ಮಾರನಹಳ್ಳಿವರೆಗೆ ಎಲ್ಲೂ ನಿಲ್ಲಿಸಲಿಲ್ಲ. ಹೀಟ್ ಮುಳ್ಳು ಅರ್ಧ ದಾಟಲಿಲ್ಲ. ಮೂರು ವರ್ಷದ ಹಿಂದೆ ಇದೇ ಗಾಡಿ ಕೆಂಪುಹೊಳೆ ಬರುವಷ್ಟರಲ್ಲಿ ಬಾನೆಟ್ ಸಂದಿಯಿಂದ ಹಬೆ ಬಿಡುತ್ತಿತ್ತು. ಹಿಂದೆ ಐಸ್ ಕರಗಿ ನೀರು, ಮುಂದೆ ರೇಡಿಯೇಟರ್ ಒಡೆದು ನೀರು. "ಮಾರಿ ಕೈ ತೊಳ್ಕೋ" ಅಂತ ಭಾವ ಹೇಳುತ್ತಲೇ ಇದ್ದರು.

ನಮ್ಮದು ಅರಸೀಕೆರೆ ಕಡೆ. ಹೋಗುವಾಗ ತೆಂಗಿನಕಾಯಿ, ಬರುವಾಗ ಮೀನು. ಗಾಡಿ ಸೆಕೆಂಡ್ ಹ್ಯಾಂಡ್. ಅದರಲ್ಲಿ ಇದ್ದದ್ದು ತಾಮ್ರ-ಹಿತ್ತಾಳೆ ರೇಡಿಯೇಟರ್. ಇಂಜಿನ್ ನೀರು ತಣ್ಣಗಾಗುವುದು ಅದರಲ್ಲೇ: ನಡುವೆ ಸಣ್ಣ ಟ್ಯೂಬ್‌ಗಳ ಕೋರ್, ಅದಕ್ಕೆ ಸೇರಿದ ಟ್ಯಾಂಕ್. ಅದು ಮೊದಲು ಸೋರಿದ ದಿನ ದೋಣಿಗಾಲ್ ಹತ್ತಿರ ಒಬ್ಬ ಲಾರಿ ಡ್ರೈವರ್ ಅಣ್ಣ ಒಂದು ಹಿಡಿ ಅರಿಶಿನ ಪುಡಿ ಹಾಕಿಕೊಟ್ಟರು. ಊರು ಸೇರಿದೆ, ಸುಳ್ಳು ಹೇಳಲ್ಲ. ಆದರೆ ಅರಿಶಿನ ತೂತು ಮುಚ್ಚಿದಂತೆ ಟ್ಯೂಬನ್ನೂ ಮುಚ್ಚುತ್ತದೆ. ಮುಂದಿನ ವಾರದಿಂದ ಹಾಸನದ ಸಮತಟ್ಟು ರಸ್ತೆಯಲ್ಲೂ ಹೀಟ್ ಶುರುವಾಯಿತು.

ಆಗ ಮಾಡಿದ ತಪ್ಪುಗಳ ಲೆಕ್ಕ ಹೇಳುತ್ತೇನೆ. ಮೊದಲು 4,200 ಕೊಟ್ಟು ಅಲ್ಯೂಮಿನಿಯಂ ಕೋರ್, ಪ್ಲಾಸ್ಟಿಕ್ ಟ್ಯಾಂಕಿನದು ತಂದೆ. ಹಳೆಯದರ ಕೋರ್ ಎರಡು ಬೆರಳು ದಪ್ಪ ಇತ್ತು, ಇದು ಒಂದೇ ಬೆರಳು. ಕಣ್ಣಿಗೆ ಕಂಡರೂ ಸುಮ್ನೆ ಕೂರಿಸಿದೆ. ಅದರ ಮೇಲೆ ನನ್ನದೇ ಬುದ್ಧಿವಂತಿಕೆ ಬೇರೆ: ರೇಡಿಯೇಟರ್ ಬಾಯಿಗೆ 0.9 ಒತ್ತಡ ತಡೆಯುವ ಕ್ಯಾಪ್ ಇರಬೇಕಾದ ಕಡೆ 1.1ರದ್ದು ಹಾಕಿದೆ, ನೀರು ತಡವಾಗಿ ಕುದಿಯಲಿ ಅಂತ. ಕುದಿಯಲಿಲ್ಲ ನಿಜ. ಪ್ಲಾಸ್ಟಿಕ್ ಟ್ಯಾಂಕ್ ಮಡಚಿದ ಅಂಚಿನಲ್ಲಿ ಬಿಟ್ಟುಕೊಂಡಿತು. ಏಳೆಂಟು ತಿಂಗಳಿಗೆ ಅದರ ಕತೆ ಮುಗಿಯಿತು.

ಆಮೇಲೆ ಗುಜರಿಯಿಂದ 1,800ಕ್ಕೆ ಒಂದು ತಂದೆ. ಪ್ರೆಶರ್ ಹಾಕಿ ನೋಡದೆ ತಂದದ್ದು. ಒಳಗೆ ಸುಣ್ಣ ಕಟ್ಟಿತ್ತು ಅಂತ ಕಾಲು ಕಿಲೋ ನಿಂಬೆ ಉಪ್ಪು ಬಿಸಿನೀರಿಗೆ ಕಲಸಿ ತೊಳೆದೆ. ಕಾಫಿ ಬಣ್ಣದ ನೀರು ಬಂತು, ಖುಷಿಯಾಯಿತು. ಮಾರನೇ ದಿನ ಮೂರು ಕಡೆ ಜಿನುಗುತ್ತಿತ್ತು. ತೂತುಗಳನ್ನು ಹಿಡಿದಿಟ್ಟದ್ದೇ ಆ ಸುಣ್ಣ! ಹಾಗೇ ಹೋದ ಟ್ರಿಪ್ಪಿನಲ್ಲಿ ಹೀಟ್ ಏರಿ ಇಂಜಿನ್ನಿನ ಮೇಲಿನ ಭಾಗ, ಅಂದರೆ ಹೆಡ್, ಬೆಂಡ್ ಆಯಿತು. ಗ್ಯಾಸ್ಕೆಟ್, ಹೆಡ್ ಉಜ್ಜಿಸಿದ್ದು, ಕೂಲಿ ಎಲ್ಲ ಸೇರಿ 16 ಸಾವಿರದ ಹತ್ತಿರ. ಮೀನು ಹಾಳಾಗಿದ್ದಕ್ಕೆ ಬಾಡಿಗೆಯಲ್ಲಿ ಹಿಡಿದುಕೊಂಡದ್ದು ಬೇರೆ. ನಡುವೆ ಒಬ್ಬ ಮೆಕ್ಯಾನಿಕ್ ಥರ್ಮೋಸ್ಟಾಟ್, ಅಂದರೆ ನೀರು ಬಿಸಿಯಾದ ಮೇಲೆ ರೇಡಿಯೇಟರಿಗೆ ಬಿಡುವ ವಾಲ್ವ್, ಕಿತ್ತು ಬಿಸಾಕಿದ. ಘಾಟಿಯಲ್ಲಿ ಹೀಟ್ ಹಾಗೇ ಇತ್ತು, ಮೈಲೇಜ್ ಮಾತ್ರ ಒಂದು ಕಿಲೋಮೀಟರ್ ಇಳಿಯಿತು. 82 ಡಿಗ್ರಿಗೆ ತೆರೆಯುವುದನ್ನು ವಾಪಸ್ ಹಾಕಿಸಿದೆ.

ಕೊನೆಗೆ ಹಳೆಯ ಹಿತ್ತಾಳೆ ಟ್ಯಾಂಕನ್ನೇ ಎತ್ತಿಕೊಂಡು ರೇಡಿಯೇಟರ್ ಕೆಲಸದ ಭಾಯ್ ಹತ್ತಿರ ಹೋದೆ. ನಾಲ್ಕು ಸಾಲು ಟ್ಯೂಬಿನ ದಪ್ಪ ಕೋರ್ ಹಾಕಿ ಅಂದೆ. ಅವರು ನಕ್ಕರು. "ಅಣ್ಣಾ, ದಪ್ಪ ಹಾಕಿದ್ರೆ ಫ್ಯಾನ್ ಗಾಳಿ ಎಳೀಬೇಕಲ್ವಾ? ನಿಮ್ಮ ಗಾಡೀಲಿ ಶ್ರೌಡ್ ಎಲ್ಲಿ?" ಶ್ರೌಡ್! ಫ್ಯಾನ್ ಸುತ್ತ ಇರುವ ಆ ಪ್ಲಾಸ್ಟಿಕ್ ಡಬ್ಬಿ ನಾನು ಗಾಡಿ ತಂದಾಗಲೇ ಇರಲಿಲ್ಲ. ಗ್ಯಾಸ್ ಟ್ಯಾಂಕರ್ ಹಿಂದೆ ಫಸ್ಟ್ ಗೇರಿನಲ್ಲಿ ತೆವಳುವಾಗ ಎದುರು ಗಾಳಿ ಇರಲ್ಲ, ಎಲ್ಲ ಫ್ಯಾನ್ ಮೇಲೆ. ಶ್ರೌಡ್ ಇಲ್ಲದ ಫ್ಯಾನ್ ಇಂಜಿನ್ ಸುತ್ತಲಿನ ಬಿಸಿ ಗಾಳಿಯನ್ನೇ ಕಡೆಯುತ್ತಾ ಕೂರುತ್ತದೆ. ಮೂರು ಸಾಲಿನ ತಾಮ್ರದ ಕೋರ್ 8,500, ಹಳೆಯ ಕೋರ್ ತೂಕಕ್ಕೆ ಹಾಕಿ ಸಾವಿರ ಚಿಲ್ಲರೆ ಕಳೆದರು. ಹಳೇ ಶ್ರೌಡ್ 600. ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗಾಳಿ ಹಾಕಿ ಗುಳ್ಳೆ ಬರಲ್ಲ ಅಂತ ನನ್ನ ಎದುರೇ ತೋರಿಸಿದರು. ಅದನ್ನು ನೋಡದೆ ದುಡ್ಡು ಕೊಡಬೇಡಿ.

ಇನ್ನು ನೀರಿನ ವಿಷಯ. ನಮ್ಮೂರ ಬೋರ್ ನೀರು ಕಾಯಿಸಿದ ಪಾತ್ರೆ ನೋಡಿದರೆ ಸಾಕು, ತಳದಲ್ಲಿ ಬಿಳಿ ಪದರ. ಅದನ್ನೇ ವರ್ಷಗಟ್ಟಲೆ ರೇಡಿಯೇಟರಿಗೆ ಕುಡಿಸಿದ್ದೆ. ಈ ಸಲ ಬ್ಯಾಟರಿಗೆ ಹಾಕುವ ನೀರಿನ 5 ಲೀಟರ್ ಕ್ಯಾನ್ ತಂದು, ಕೂಲಂಟ್ (ತುಕ್ಕು ಹಿಡಿಯದಂತೆ, ಬೇಗ ಕುದಿಯದಂತೆ ಹಾಕುವ ದ್ರವ) ಜೊತೆ ಅರ್ಧಕ್ಕರ್ಧ ಕಲಸಿದೆ. ನನ್ನ ಗಾಡಿಗೆ 8 ಲೀಟರ್ ಚಿಲ್ಲರೆ ಹಿಡಿಯುತ್ತದೆ. ಸ್ಟ್ಯಾಂಡಿನಲ್ಲಿ ಎಲ್ಲರೂ ಗೇಲಿ ಮಾಡಿದರು. "ಬ್ಯಾಟರಿ ನೀರಲ್ಲಿ ಆಸಿಡ್ ಇರುತ್ತೆ ಕಣೋ, ತಿಂಗಳಲ್ಲಿ ಕೊರೆದು ಹಾಕುತ್ತೆ" ಅಂದರು ಭಾವ. ಆಸಿಡ್ ಬ್ಯಾಟರಿಯೊಳಗೆ ಇರುವುದು, ಕ್ಯಾನಿನಲ್ಲಿ ಬರೀ ಶುದ್ಧ ನೀರು ಅಂದರೆ ಕೇಳುವವರು ಯಾರು? ಎರಡು ವರ್ಷ ದಾಟಿತು, 70 ಸಾವಿರ ಕಿಲೋಮೀಟರ್ ಮೇಲೆ ಓಡಿದೆ. ಕೊರೆದಿಲ್ಲ.

ಕೊರೆಯುವುದು ಬೇರೆ ಒಂದು. ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಕಡ್ಡಿಯನ್ನು ತಣ್ಣಗಿರುವಾಗ ಕ್ಯಾಪ್ ತೆಗೆದು ಕೂಲಂಟಿಗೆ ಮುಟ್ಟಿಸಿ ನೋಡಿದೆ. ಇಂಜಿನ್ ಓಡುತ್ತಿತ್ತು, ಹೆಡ್‌ಲೈಟ್ ಹಾಕಿದ್ದೆ. 0.6 ವೋಲ್ಟ್ ತೋರಿಸಿತು! ಇಂಜಿನ್ನಿನಿಂದ ಚಾಸಿಗೆ ಬರುವ ಅರ್ಥ್ ಪಟ್ಟಿ ಮೀನಿನ ಉಪ್ಪು ನೀರಿಗೆ ತುಕ್ಕು ಹಿಡಿದಿತ್ತು. ಕರೆಂಟ್ ನೀರಿನ ಮೂಲಕ ದಾರಿ ಹುಡುಕುತ್ತಿತ್ತು. ಪಟ್ಟಿ ಬದಲಾಯಿಸಿದ ಮೇಲೆ 0.1ರ ಹತ್ತಿರ ನಿಂತಿತು. ಆ ಅಲ್ಯೂಮಿನಿಯಂ ಕೋರಿನಲ್ಲೂ ಸಣ್ಣ ಸಣ್ಣ ತೂತು ಬಿದ್ದಿದ್ದವು. ಈ ಕರೆಂಟೇ ಕೊರೆದಿರಬೇಕು ಅಂತ ನನ್ನ ಲೆಕ್ಕ.

ನಮ್ಮ ಕಡೆಯವರಿಗೆ ಇನ್ನೊಂದು ಮಾತು. ಸುಗ್ಗಿಯಲ್ಲಿ ರಸ್ತೆ ಮೇಲೆ ರಾಗಿ, ಹುರುಳಿ ಹರವಿರುತ್ತಾರೆ. ಅದರ ಮೇಲೆ ಹತ್ತು ಸಲ ಓಡಾಡಿದರೆ ಹೊಟ್ಟು ಎಲ್ಲ ಫಿನ್ ಸಂದಿಗೆ, ಅಂದರೆ ಟ್ಯೂಬ್‌ಗಳ ನಡುವಿನ ತೆಳು ತಗಡುಗಳ ಸಂದಿಗೆ. ಮುಂದಿನಿಂದ ನೋಡಿದರೆ ಏನೂ ಕಾಣಲ್ಲ. ಶ್ರೌಡ್ ಬಿಚ್ಚಿ, ಫ್ಯಾನ್ ಕಡೆಯಿಂದ ಮುಂದಕ್ಕೆ ಮೆಲ್ಲಗೆ ನೀರು ಬಿಡಬೇಕು. ಸರ್ವೀಸ್ ಸ್ಟೇಷನ್ ಹುಡುಗನಿಗೆ ಪ್ರೆಶರ್ ಗನ್ ಕೊಟ್ಟರೆ ಫಿನ್ ಎಲ್ಲ ಮಡಚಿ ಗೋಡೆ ಮಾಡಿಡುತ್ತಾನೆ. ನನಗೆ ಹಾಗಾಗಿ, ಒಂದು ಮಧ್ಯಾಹ್ನ ಪೂರ್ತಿ ಹೆಂಡತಿಯ ಬಾಚಣಿಗೆಯಲ್ಲಿ ರೇಡಿಯೇಟರ್ ತಲೆ ಬಾಚಿದ್ದೇನೆ.

900 ರೂಪಾಯಿಗೆ ಬಿಸಿ ನೋಡುವ ಗನ್ ಸಿಗುತ್ತದೆ, ತಗೊಳ್ಳಿ. ಕಪ್ಪು ಬಣ್ಣದ ಕೋರ್ ಮೇಲೆ ಅಡ್ಡ-ಉದ್ದ ಹಿಡಿದು ನೋಡಿದರೆ, ಎಲ್ಲೋ ಒಂದು ಪಟ್ಟಿ ಮಾತ್ರ ತಣ್ಣಗಿದ್ದರೆ ಅಲ್ಲಿ ಟ್ಯೂಬ್ ಕಟ್ಟಿದೆ ಅಂತ. ಏರ್ ಲಾಕ್, ಅಂದರೆ ನೀರಿನ ದಾರಿಯಲ್ಲಿ ಸಿಕ್ಕಿಕೊಂಡ ಗಾಳಿ, ತೆಗೆಯಲು ಮೂತಿ ಮೇಲಾಗಿ ದಿಬ್ಬದ ಮೇಲೆ ನಿಲ್ಲಿಸುತ್ತೇನೆ. ಅಲ್ಲಿ ಯಾವ ಪೈಪನ್ನು ಎಷ್ಟು ಸಡಿಲಿಸುತ್ತೇನೆ ಅನ್ನೋದು ಮಾತ್ರ ಹೇಳಲ್ಲ. ಎರಡು ದಿನದ ಬಾಡಿಗೆ ಕಳಕೊಂಡು ಕಲಿತದ್ದು ಅದು.

ಮೊನ್ನೆಯಿಂದ ಡ್ರೈನ್ ಪ್ಲಗ್ ಕೆಳಗೆ ಕಾಳಿನಷ್ಟು ಹಸಿರು ಕಲೆ ಕಾಣುತ್ತಿದೆ. ವಾಷರ್ ಇರಬೇಕು. ಭಾನುವಾರ ಬಿಚ್ಚಿ ನೋಡಬೇಕು.