ಮಳೆಗಾಲದ ಜೇಬಿನಲ್ಲಿ ಓಪಿನೆಲ್ 8

ಮಡಚುವ ಚಾಕು ಕೊಳ್ಳುವಾಗ ನಮ್ಮ ಮಲೆನಾಡು, ಕರಾವಳಿ ಕಡೆಯವರು ಮೊದಲು ಕೇಳುವುದೇ ‘ತುಕ್ಕು ಹಿಡಿಯುತ್ತದಾ?’ ಎಂದು. ಓಪಿನೆಲ್ ವಿಷಯದಲ್ಲಿ ಆ ಹೆದರಿಕೆ ಆಮೇಲಿನದು. ಇಲ್ಲಿ ಮೊದಲು ಕೈಕೊಡುವುದು ಅಲಗಲ್ಲ, ಹಿಡಿ. ಮಳೆಗೆಂದು ಸ್ಟೇನ್‌ಲೆಸ್ ಅಲಗಿನದನ್ನು ತಂದವರಿಗೂ ಸಿಗುವುದು ಅದೇ ಬೀಚ್ ಮರದ ಹಿಡಿ. ಆಷಾಢದಲ್ಲಿ ಅದು ನೀರು ಕುಡಿದು ಉಬ್ಬಿ ಅಲಗನ್ನು ಕಚ್ಚಿಕೊಳ್ಳುತ್ತದೆ.

ಇದು ಫ್ರಾನ್ಸಿನ ಸವೋಯ್ ಬೆಟ್ಟಸೀಮೆಯ ರೈತರ ಚಾಕು. 1890ರಲ್ಲಿ ಜೋಸೆಫ್ ಓಪಿನೆಲ್ ಮಾಡಿದ್ದು. 1897ರಲ್ಲಿ 1ರಿಂದ 12ರವರೆಗೆ ಅಳತೆಯ ನಂಬರು ಬಂತು. ಜೇಬಿಗೆ ಹೇಳಿ ಮಾಡಿಸಿದ್ದು 8: ಅಲಗು ಎಂಟೂವರೆ ಸೆಂ.ಮೀ., ತೂಕ ಐವತ್ತು ಗ್ರಾಮೂ ಇಲ್ಲ. ಬಿಡಿಭಾಗ ಐದೇ: ಅಲಗು, ಹಿಡಿ, ಅಚ್ಚಿನ ಮೊಳೆ, ಕೊರಳಿನ ಒಳಪಟ್ಟಿ, ಅದರ ಮೇಲೆ ತಿರುಗುವ ಉಂಗುರ. ಅಲಗು ಮಡಚಿಕೊಂಡು ಬೆರಳು ಕೊಯ್ಯದಂತೆ ತಡೆಯುವ ಈ ಉಂಗುರವನ್ನು ಸೇರಿಸಿದ್ದು 1955ರಲ್ಲಿ. ಸ್ಪ್ರಿಂಗ್ ಇಲ್ಲ, ಸ್ಕ್ರೂ ಇಲ್ಲ. ಅಲಗನ್ನು ಬಿಗಿಯಾಗಿ ಹಿಡಿದಿರುವುದು ಬರೀ ಮರದ ಒತ್ತಡ. ಚಾಕುವಿನ ಸೊಗಸೂ ಅದೇ, ತಾಪತ್ರಯವೂ ಅದೇ.

ಹಿಡಿಯ ಹೊರಮೈಗೆ ವಾರ್ನಿಷ್ ಇರುತ್ತದೆ. ಅಲಗು ಕೂರುವ ಸೀಳಿನ ಒಳಗೆ ಮರ ಬೆತ್ತಲೆ. ತೇವ ನುಗ್ಗುವುದು ಅಲ್ಲಿಂದಲೇ. ಹಾಗಾಗಿ ಹೊರಗೆ ಎಷ್ಟು ಎಣ್ಣೆ ಉಜ್ಜಿದರೂ ಉಪಯೋಗವಿಲ್ಲ, ಸೀಳಿಗೇ ಕುಡಿಸಬೇಕು. ಈ ಕೆಲಸವನ್ನು ನಾನು ಮಾರ್ಚ್–ಏಪ್ರಿಲ್‌ನಲ್ಲಿ ಮುಗಿಸುತ್ತೇನೆ. ಆಗ ಮರ ಒಣಗಿರುತ್ತದೆ, ಎಣ್ಣೆ ಎಳೆದುಕೊಳ್ಳುತ್ತದೆ. ಜುಲೈಯಲ್ಲಿ ಹಚ್ಚಿದರೆ ಮೇಲೇ ನಿಲ್ಲುತ್ತದೆ.

ಮೊದಲು ಅಲಗಿಗೆ ಎರಡು ಸುತ್ತು ಟೇಪ್. ಉಂಗುರದ ಸೀಳಿಗೆ ಸರ್ಕ್ಲಿಪ್ ಪ್ಲಯರ್‌ನ ಎರಡು ಮೂತಿ ಕೊಟ್ಟು, ಕಳಚಲು ಬೇಕಾದಷ್ಟೇ ಅಗಲಿಸಿ ತೆಗೆಯಬೇಕು. ಸ್ಕ್ರೂಡ್ರೈವರ್‌ನಿಂದ ಮೀಟಿದರೆ ಉಂಗುರ ಸೊಟ್ಟಗಾಗಿ ಮತ್ತೆ ಸಲೀಸಾಗಿ ತಿರುಗುವುದಿಲ್ಲ. ಆಮೇಲೆ ಬಣ್ಣದಂಗಡಿಯಲ್ಲಿ ಸಿಗುವ ಬಾಯ್ಲ್ಡ್ ಅಗಸೆ ಎಣ್ಣೆಯನ್ನು ಕಿವಿಗೆ ಹಾಕುವ ಹತ್ತಿಕಡ್ಡಿಯಲ್ಲಿ ಸೀಳಿನ ಉದ್ದಕ್ಕೂ ಸವರಿ, ಇಪ್ಪತ್ತು ನಿಮಿಷ ಎಳೆಬಿಸಿಲಿಗಿಟ್ಟು, ಉಳಿದದ್ದನ್ನು ಪೂರ್ತಿ ಒರೆಸಿ ತೆಗೆಯುತ್ತೇನೆ. ಒರೆಸದೆ ಬಿಟ್ಟ ಎಣ್ಣೆ ಅಂಟಾಗಿ ಅಲಗನ್ನು ಹಿಡಿಯುತ್ತದೆ. ಉಬ್ಬಿದ ಮರಕ್ಕಿಂತ ಅದರ ಕಾಟ ಹೆಚ್ಚು. ದಿನಕ್ಕೊಂದರಂತೆ ಮೂರು ಸಲ ಸಾಕು. ಮೊದಲ ದಿನ ನಡುನಡುವೆ ಅಲಗನ್ನು ತೆರೆದು ಮುಚ್ಚುತ್ತಿರಬೇಕು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆಯಬೇಡಿ. ಒಣಗುವಾಗ ಅದು ತಾನೇ ಬಿಸಿಯಾಗಿ ಹೊತ್ತಿಕೊಳ್ಳುವುದುಂಟು. ನೀರಲ್ಲಿ ಅದ್ದಿ, ಬಿಡಿಸಿ ಹರವಿ.

ವಾರ ಬಿಟ್ಟು ಅಚ್ಚಿಗೆ ಒಂದು ತೊಟ್ಟು ಲಿಕ್ವಿಡ್ ಪ್ಯಾರಾಫಿನ್ (ಮೆಡಿಕಲ್ ಶಾಪ್‌ನಲ್ಲಿ ಸಿಗುತ್ತದೆ). ಕೊಬ್ಬರಿ ಎಣ್ಣೆ ಅಲಗಿಗೆ ಆದೀತು, ಅಚ್ಚಿಗೆ ಬೇಡ. ಇಪ್ಪತ್ತನಾಲ್ಕು ಡಿಗ್ರಿಗಿಂತ ಕೆಳಗಿಳಿದರೆ ಅದು ಗಟ್ಟಿಯಾಗುತ್ತದೆ, ಧನುರ್ಮಾಸದ ಬೆಳಗ್ಗೆ ಚಾಕು ತೆರೆಯುವುದೇ ಕಷ್ಟ.

ಎಣ್ಣೆ ತೇವವನ್ನು ನಿಧಾನಿಸುತ್ತದೆ ಅಷ್ಟೇ, ತಡೆಯುವುದಿಲ್ಲ. ಕಳೆದ ಮಳೆಗಾಲದಲ್ಲಿ ಪದೇ ಪದೇ ಕಚ್ಚಿಕೊಂಡಿದ್ದರೆ, ಎಣ್ಣೆ ಹಾಕುವ ಮುಂಚೆಯೇ ಮರವನ್ನು ತುಸು ಸವೆಸಬೇಕು. 120 ನಂಬರಿನ ಉಪ್ಪುಕಾಗದವನ್ನು ಹಳೆ ಎಟಿಎಂ ಕಾರ್ಡಿನ ತುಂಡಿಗೆ ಸುತ್ತಿ, ಅಚ್ಚಿನ ಹತ್ತಿರ ಸೀಳಿನ ಎರಡೂ ಗೋಡೆಗೆ ಹತ್ತತ್ತು ಸಲ ಎಳೆದು, ಧೂಳು ಊದಿ, ಅಲಗು ಆಡಿಸಿ ನೋಡಿ. ಏಪ್ರಿಲ್‌ನಲ್ಲಿ ‘ಇಷ್ಟು ಸಡಿಲ ಬೇಡವಿತ್ತೇನೋ’ ಅನ್ನಿಸುವ ಹಂತಕ್ಕೆ ನಿಲ್ಲಿಸಿದರೆ ಜುಲೈಗೆ ಸರಿಹೋಗುತ್ತದೆ. ಅಲಗು ತನ್ನ ಭಾರಕ್ಕೇ ಜೋತುಬಿದ್ದರೆ ಅತಿಯಾಯಿತು. ಸವೆದ ಮರ ಮರಳಿ ಬರದು.

ಇಷ್ಟಾದರೂ ಕಚ್ಚಿಕೊಂಡಿತೆನ್ನಿ. ಉಗುರಲ್ಲಿ ಎಳೆಯಬೇಡಿ, ಇಕ್ಕಳವಂತೂ ಬೇಡವೇ ಬೇಡ. ಉಂಗುರವನ್ನು ತೆರೆದ ಸ್ಥಾನಕ್ಕೆ ತಿರುಗಿಸಿ, ಹಿಡಿಯ ಬಾಲದ ತುದಿಯನ್ನು ಮೇಜಿನ ಮರಕ್ಕೆ ಟಕ್ಕೆಂದು ಕುಟ್ಟಿದರೆ ಅಲಗಿನ ಮೊನೆ ಸೀಳಿನಿಂದ ಮೇಲೆದ್ದು ಬೆರಳಿಗೆ ಸಿಗುತ್ತದೆ. ಸವೋಯ್‌ನವರದೇ ಹಳೆಯ ಉಪಾಯ, ಹೆಸರೂ ‘ಸವೋಯ್‌ನವರ ಏಟು’ ಎಂದೇ. ಅದಕ್ಕೂ ಬಗ್ಗದಿದ್ದರೆ ಎರಡು ದಿನ ಸೆಟ್‌ಟಾಪ್ ಬಾಕ್ಸಿನ ಮೇಲಿಡಿ, ಆ ಉಗುರುಬೆಚ್ಚಗೆ ಸಾಕು. ಒಲೆಯ ಪಕ್ಕ ಇಟ್ಟರೆ ಹೊರಮರ ಬೇಗ ಒಣಗಿ ಸೀಳು ಬಿಡುತ್ತದೆ.

ಇನ್ನು ಅಲಗು. ಕಾರ್ಬನ್ ಉಕ್ಕಿಗೆ ಕಪ್ಪು ಹಿಡಿಸಿಬಿಟ್ಟರೆ ಕೆಂಪು ತುಕ್ಕು ಸುಲಭಕ್ಕೆ ಅಂಟದು. ಪಾತ್ರೆ ಸೋಪಿನಲ್ಲಿ ಜಿಡ್ಡು ತೆಗೆದು, ಬಿಸಿ ವಿನಿಗರ್‌ನಲ್ಲಿ ನೆನೆಸಿದ ಟಿಶ್ಯೂ ಸುತ್ತಿ ಅರ್ಧ ಗಂಟೆ ಇಟ್ಟು, ಸೋಡಾಪುಡಿ ನೀರಿನಲ್ಲಿ ತೊಳೆದರೆ ಬೂದುಗಪ್ಪು ಬರುತ್ತದೆ. ಅಚ್ಚಿನ ಒಳಗೆ ವಿನಿಗರ್ ಇಳಿಯಬಾರದು. ಅವಸರವಿಲ್ಲದಿದ್ದರೆ ಇದ್ಯಾವುದೂ ಬೇಡ, ಅಡುಗೆಮನೆಯಲ್ಲೇ ಆಗುತ್ತದೆ. ಬಾಳೆಕಾಯಿ ಹೆಚ್ಚಿದರೆ ಕೈಯೂ ಅಲಗೂ ಒಟ್ಟಿಗೇ ಕಪ್ಪಾಗುತ್ತವೆ. ಮಾವಿನಕಾಯಿಯ ಹುಳಿ ನೀಲಿ ಛಾಯೆ ಬಿಡುತ್ತದೆ. ಮೊದಲ ಕೆಲವು ವಾರ ಕೊಯ್ದ ಹಣ್ಣಿಗೆ ಕಬ್ಬಿಣದ ವಾಸನೆ ಬರುತ್ತದೆ, ಆಮೇಲೆ ಇಲ್ಲ. ಕೆಂಪು ಚುಕ್ಕೆ ಕಂಡರೆ ಒಲೆಬೂದಿಗೆ ಒಂದು ತೊಟ್ಟು ಎಣ್ಣೆ ಸೇರಿಸಿ ಬಟ್ಟೆಯಲ್ಲಿ ಅವತ್ತೇ ತಿಕ್ಕಿ. ಬೆವರು ಜಿನುಗುವ ಜೇಬಿನಲ್ಲಿ ಒಂದು ರಾತ್ರಿ ಉಳಿದರೂ ಚುಕ್ಕೆ ಏಳುತ್ತದೆ.

ಹರಿತಕ್ಕೆ ಎರಡು ಬದಿಯ ಸಾಮಾನ್ಯ ಸಾಣೆಕಲ್ಲು ಸಾಕು. ಅಲಗಿನ ಬೆನ್ನು ಕಲ್ಲಿನಿಂದ ಅಲಗಿನ ಅಗಲದ ಮೂರನೇ ಒಂದರಷ್ಟು ಮೇಲಿದ್ದರೆ ಕೋನ 20 ಡಿಗ್ರಿ ಹತ್ತಿರ, ಕಾಲು ಭಾಗವಿದ್ದರೆ 15ರ ಹತ್ತಿರ. ಹಣ್ಣು, ಹಗ್ಗ, ಪೆನ್ಸಿಲ್‌ಗೆ ನನ್ನದು 15. ಅಂಥ ತೆಳು ಬಾಯಲ್ಲಿ ಒಣಗಿದ ಅಡಿಕೆ ಒಡೆಯಲು ಹೋದರೆ ಅಂಚು ಚಕ್ಕೆ ಹಾರುವುದು ಗ್ಯಾರಂಟಿ. ಅಡಕತ್ತರಿ ಇರುವುದೇ ಅದಕ್ಕೆ. ಒಂದು ಬದಿ ಮಸೆದಾಗ ಇನ್ನೊಂದು ಬದಿಯಲ್ಲಿ ಉಗುರಿಗೆ ಒರಟು ಸಿಕ್ಕಬೇಕು, ಆಗ ತಿರುಗಿಸಿ. ಕೊನೆಗೆ ಹಳೆ ಚರ್ಮದ ಬೆಲ್ಟಿನ ಒಳಮೈ ಮೇಲೆ ಹಿಂದಕ್ಕೆ ಹತ್ತು ಎಳೆತ.

ಉಂಗುರ ಹಾಕಿದ ಮೇಲೂ ಅಲಗು ಕದಲಿದರೆ, ಉಂಗುರವನ್ನು ಕಳಚಿ ಅದರ ಎರಡು ತುದಿಗಳನ್ನು ಕೂದಲೆಳೆಯಷ್ಟು ಒಳಗೆ ಒತ್ತಿ ಕೂರಿಸಿ. ಬಿಗಿಯೆನಿಸಿದರೆ ಮೊದಲು ಅದರಡಿಯಲ್ಲಿ ಸೇರಿಕೊಂಡ ಜೇಬಿನ ನೂಲನ್ನು ಸೂಜಿಯಿಂದ ತೆಗೆದು ನೋಡಿ. ಮುಚ್ಚಿದಾಗಲೂ ಉಂಗುರ ತಿರುಗಿಸಿಯೇ ಜೇಬಿಗೆ ಹಾಕುವುದು ನನ್ನ ರೂಢಿ. ಕೊಡೆ ಮಡಚುವ ಗಡಿಬಿಡಿಯಲ್ಲಿ ಜೇಬಿಗೆ ಕೈ ಹಾಕಿದಾಗ ಅಲಗು ಅರ್ಧ ತೆರೆದಿರಬಾರದು. ವಿಮಾನಕ್ಕೆ ಹೊರಟ ದಿನ ಮಾತ್ರ ಇದು ಚೆಕ್-ಇನ್ ಚೀಲಕ್ಕೆ.